ಅಳತೆ ಟೇಪಿಗೆ ಸಿಗದ ವಯಸ್ಸು

ಮಗ ಒಂದೇ ವರ್ಷದಲ್ಲಿ ಅಪ್ಪನ ಭುಜ ದಾಟುತ್ತಾನೆ, ಮಗಳು ಕೋಣೆಯ ಚಿಲಕ ಹಾಕಲು ಕಲಿಯುತ್ತಾಳೆ. ಶಾಲೆ ಬ್ಯಾಗು ಹುಡುಕುತ್ತದೆ, ಮನೆ ಮೊಬೈಲು ಕಸಿಯುತ್ತದೆ. ಎಲ್ಲಕ್ಕೂ ಟ್ಯೂಷನ್ ಇರುವ ಪಶ್ಚಿಮ ಬೆಂಗಳೂರಿನಲ್ಲಿ ಹದಿಹರೆಯದವರಿಗೆ ಅವರದೇ ಮೈಮನಸ್ಸಿನ ಪಾಠ ಹೇಳುವವರು ಯಾರು?

ಮೇ ತಿಂಗಳ ಕೊನೆಯ ವಾರ ವಿಜಯನಗರದ ಯೂನಿಫಾರ್ಮ್ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೌಂಟರಿನ ಮುಂದೆ ಒಬ್ಬ ತಾಯಿ, ಪಕ್ಕದಲ್ಲಿ ಆಕೆಗಿಂತ ನಾಲ್ಕು ಬೆರಳು ಎತ್ತರದ ಮಗ. ಅಳತೆಗಿರಲಿ ಎಂದು ಹೋದ ವರ್ಷದ ಪ್ಯಾಂಟನ್ನೇ ಹಾಕಿಸಿ ಕರೆತಂದಿದ್ದಾರೆ. ಅದೀಗ ಕಾಲಿನ ಹರಡು ಬಿಟ್ಟು ಮೇಲೇರಿ ಕೂತಿದೆ.

“ಕೆಳಗಡೆ ಮಡಿಕೆ ಜಾಸ್ತಿ ಬಿಡಿ ಅಣ್ಣ, ವರ್ಷ ಪೂರ್ತಿ ಬರ್ಬೇಕು.”

“ಮೂರಿಂಚು ಬಿಟ್ರೂ ದಸರಾಕ್ಕೆ ಮತ್ತೆ ಬರ್ತೀರ ಅಕ್ಕ. ಈ ವಯಸ್ನಲ್ಲಿ ಹುಡುಗ್ರಿಗೆ ಬಟ್ಟೆ ನಿಲ್ಲಲ್ಲ.”

ಹುಡುಗ ಇಬ್ಬರ ಕಡೆಗೂ ನೋಡುವುದಿಲ್ಲ. ಹಣೆಯ ಮೊಡವೆ ಮುಚ್ಚುವಂತೆ ಕೂದಲು ಎಳೆದುಕೊಳ್ಳುತ್ತಾನೆ. ಅಷ್ಟು ಜನರೆದುರು ತನ್ನ ಸೊಂಟಕ್ಕೆ ಟೇಪು ಸುತ್ತುತ್ತಿರುವುದೇ ಅವನಿಗೆ ಈ ಹೊತ್ತಿನ ದೊಡ್ಡ ಅವಮಾನ.

ದರ್ಜಿಗಿಂತ ಮೊದಲು ಈ ಸುದ್ದಿ ತಿಳಿಯುವುದು ಶೂ ಅಂಗಡಿಯವನಿಗೆ. ಹರೆಯದ ಬೆಳವಣಿಗೆ ಮೈಯ ತುದಿಗಳಿಂದ ನಡುವಿನ ಕಡೆಗೆ ಸಾಗುತ್ತದೆ. ಮೊದಲು ಪಾದ, ಅಂಗೈ. ಆಮೇಲೆ ಕಾಲು, ತೋಳು. ಬೆನ್ನು, ಎದೆ, ಭುಜದ ಸರದಿ ಕೊನೆಗೆ. ಹದಿಮೂರರ ಹುಡುಗ ಊಟಕ್ಕೆ ಕೂತಾಗ ನೀರಿನ ಲೋಟ ಕೆಡವಿದರೆ ಅದು ಉಡಾಫೆಯೇ ಆಗಿರಬೇಕಿಲ್ಲ; ಹೊಸದಾಗಿ ಉದ್ದವಾದ ಕೈ ಅವನಿಗಿನ್ನೂ ರೂಢಿಯಾಗಿಲ್ಲ.

ಹೆಣ್ಣುಮಕ್ಕಳಲ್ಲಿ ಇದು ಸುಮಾರು ಎರಡು ವರ್ಷ ಮುಂಚೆ. ನಂಬಿಕೆ ಬರದಿದ್ದರೆ ಮನೆಯಲ್ಲಿರುವ ಏಳನೇ ತರಗತಿಯ ಗ್ರೂಪ್ ಫೋಟೊ ತೆಗೆದು ನೋಡಿ. ಹಿಂದಿನ ಸಾಲಿನಲ್ಲಿ ನಿಂತ ಉದ್ದನೆಯವರಲ್ಲಿ ಹುಡುಗಿಯರೇ ಹೆಚ್ಚು. ಹತ್ತನೇ ತರಗತಿಯ ಫೋಟೊದಲ್ಲಿ ಸಾಲು ತಿರುಗುಮುರುಗಾಗಿರುತ್ತದೆ.

ಇಷ್ಟೆಲ್ಲ ಶುರುವಾಗುವುದು ರಾತ್ರಿ, ಗಾಢ ನಿದ್ದೆಯಲ್ಲಿ. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು ಸ್ರವಿಸತೊಡಗುತ್ತದೆ. ಅದು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಂಡಾಶಯ ಅಥವಾ ವೃಷಣಗಳನ್ನು ಎಬ್ಬಿಸುತ್ತದೆ. ವಿಚಿತ್ರವೆಂದರೆ ಹುಟ್ಟಿದ ಮೊದಲ ಕೆಲವು ತಿಂಗಳು ಈ ವ್ಯವಸ್ಥೆ ಒಮ್ಮೆ ಎಚ್ಚರವಾಗಿ, ಮತ್ತೆ ವರ್ಷಗಟ್ಟಲೆ ಮಲಗಿಬಿಟ್ಟಿರುತ್ತದೆ.

ಹಾಗಾದರೆ ಹೈಪೋಥಲಾಮಸನ್ನು ಎಬ್ಬಿಸುವವರು ಯಾರು? ಉತ್ತರ ಸಿಕ್ಕಿದ್ದು 2003ರಲ್ಲಿ. ಹರೆಯವೇ ಬಾರದ ಕೆಲವರ ವಂಶವಾಹಿ ಪರೀಕ್ಷಿಸಿದ ವಿಜ್ಞಾನಿಗಳಿಗೆ ಕಿಸ್‌ಪೆಪ್ಟಿನ್ ಎಂಬ ಪ್ರೋಟೀನಿನ ಪಾತ್ರ ಕಂಡಿತು. ಅದರ ವಂಶವಾಹಿ 1996ರಲ್ಲೇ ಕ್ಯಾನ್ಸರ್ ಸಂಶೋಧನೆಯ ದಾರಿಯಲ್ಲಿ, ಅಮೆರಿಕದ ಹರ್ಷಿ ಪಟ್ಟಣದಲ್ಲಿ ಪತ್ತೆಯಾಗಿತ್ತು. ಆ ಊರಿನ ಪ್ರಸಿದ್ಧ ಚಾಕೊಲೇಟು ‘ಕಿಸಸ್’ನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಹರೆಯಕ್ಕೂ ಅದಕ್ಕೂ ಸಂಬಂಧವಿದೆಯೆಂದು ನಾಮಕರಣ ಮಾಡಿದವರಿಗೆ ಆಗ ಗೊತ್ತಿರಲಿಲ್ಲ.

> ಮೈಯ ಲೆಕ್ಕ
>
> ● ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವರ್ಷದವರು ಹದಿಹರೆಯದವರು.
>
> ● ಹರೆಯದ ಮೊದಲ ಗುರುತು ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13, ಹುಡುಗರಲ್ಲಿ 9ರಿಂದ 14ರ ನಡುವೆ.
>
> ● ಬೆಳವಣಿಗೆ ಜೋರಾಗಿರುವ ವರ್ಷ ಹುಡುಗಿಯರು 8–9 ಸೆಂ.ಮೀ., ಹುಡುಗರು 9–10 ಸೆಂ.ಮೀ. ಎತ್ತರವಾಗುತ್ತಾರೆ.
>
> ● ವಯಸ್ಕ ದೇಹದ ಮೂಳೆಯ ದ್ರವ್ಯರಾಶಿಯಲ್ಲಿ ಅರ್ಧದ ಹತ್ತಿರ ಹತ್ತಿರ ಕೂಡಿಕೊಳ್ಳುವುದು ಈ ವರ್ಷಗಳಲ್ಲೇ. ನಮ್ಮ ರಾಗಿಯ 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಮುದ್ದೆ ಒಲ್ಲೆನೆನ್ನುವ ಮಕ್ಕಳಿಗೆ ದೋಸೆ, ರೊಟ್ಟಿಯಾದರೂ ಆದೀತು.

ಗುಡ್ಲು ಅವಳಿಗೆ, ಗೋಡೆ ಬರಹ ಇವನಿಗೆ

ಕೆಂಗೇರಿಗೆ ಮೆಟ್ರೊ ಬಂದದ್ದು 2021ರ ಆಗಸ್ಟ್‌ನಲ್ಲಿ. ಅದಕ್ಕೂ ಬಹಳ ಮೊದಲು ಕೆಂಗೇರಿ ಸುತ್ತಲಿನದು ಹಳ್ಳಿಯೇ. ಹುಡುಗಿ ‘ದೊಡ್ಡೋಳಾದಳು’ ಎಂದರೆ ಸೋದರಮಾವ ಹಸಿರು ಸೊಪ್ಪು ಕಡಿದು ತಂದು ಗುಡ್ಲು, ಅಂದರೆ ಪುಟ್ಟ ಗುಡಿಸಲು, ಹಾಕಬೇಕಿತ್ತು. ಕೊಬ್ಬರಿ, ಬೆಲ್ಲ, ತುಪ್ಪ, ಎಳ್ಳಿನ ಚಿಗಳಿ ಉಂಡೆ ತಿನ್ನಿಸಬೇಕಿತ್ತು. ಸಂಜೆ ಓಣಿಯ ಹೆಂಗಸರು ಬಂದು ಆರತಿ ಎತ್ತಿ ಹಾಡು ಹೇಳುತ್ತಿದ್ದರು. ಮೈಸೂರು ಸೀಮೆಯಲ್ಲಿ ಇದಕ್ಕೆ ಒಸಗೆ ಎಂದೂ ಹೆಸರು.

ಇದನ್ನು ಹಾಡಿ ಹೊಗಳುವವನು ನಾನಲ್ಲ. ಹುಡುಗಿ ಮದುವೆಗೆ ಬಂದಳು ಎಂಬ ಡಂಗುರವೂ ಅದೇ ಆಗಿತ್ತು, ಮುಟ್ಟು ಮೈಲಿಗೆ ಎಂಬ ಪಾಠವೂ ಗುಡ್ಲಿನಲ್ಲೇ ಶುರುವಾಗುತ್ತಿತ್ತು, ಎಷ್ಟೋ ಮಕ್ಕಳ ಶಾಲೆ ಅಲ್ಲಿಗೇ ನಿಲ್ಲುತ್ತಿತ್ತು. ಆದರೂ ಒಂದನ್ನು ಒಪ್ಪಬೇಕು: ಮೈಯಲ್ಲಿ ಏನೋ ಆಗಿದೆ, ಅದು ಎಲ್ಲರಿಗೂ ಆಗುವಂಥದ್ದು, ಈಗ ಚೆನ್ನಾಗಿ ಉಣ್ಣಬೇಕು ಎಂದು ಹುಡುಗಿಗೆ ಹೇಳುವ ನಾಲ್ಕು ಜನ ಹೆಂಗಸರು ಅಲ್ಲಿರುತ್ತಿದ್ದರು. ಎಳ್ಳುಬೆಲ್ಲದ ಉಂಡೆಯಲ್ಲಿ ಕಬ್ಬಿಣಾಂಶವೂ ಇರುತ್ತಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ಅದಕ್ಕಾಗಿಯೇ. ಆ ಮಾತ್ರೆ ಹುಡುಗರಿಗೂ ಇದೆ ಎಂಬುದು ಎಷ್ಟು ಅಪ್ಪಂದಿರಿಗೆ ಗೊತ್ತೋ!

ಹುಡುಗನಿಗೆ ಗುಡ್ಲೂ ಇಲ್ಲ, ಉಂಡೆಯೂ ಇಲ್ಲ, ಮಾತೂ ಇಲ್ಲ. ಅವನ ಗಂಟಲು ಒಡೆದಾಗ ಮನೆಯವರೆಲ್ಲ ನಗುತ್ತಾರೆ, ಅಷ್ಟೇ. ಫೋನೆತ್ತಿದರೆ ಅತ್ತ ಕಡೆಯವರು “ಅಮ್ಮನಿಗೆ ಕೊಡು ಪುಟ್ಟಿ” ಎನ್ನುತ್ತಿದ್ದವರು ಒಂದು ದಿನ ಅವನನ್ನು ಅಪ್ಪನೆಂದೇ ತಿಳಿದು ಮಾತಾಡುತ್ತಾರೆ. ಧ್ವನಿಪೆಟ್ಟಿಗೆ ದೊಡ್ಡದಾಗಿ ಸ್ವರತಂತುಗಳು ಉದ್ದವಾಗುವುದರಿಂದ ಆಗುವ ಬದಲಾವಣೆ ಅದು. ಹೊಸ ತಂತುಗಳು ಹಿಡಿತಕ್ಕೆ ಬರಲು ಕೆಲವು ತಿಂಗಳು ಬೇಕು.

ನಗುವುದಕ್ಕೂ ಆಗದ ಸಂಗತಿಗಳು ಇನ್ನೂ ಇವೆ. ಹದಿಮೂರು ಹದಿನಾಲ್ಕರ ಹುಡುಗರಲ್ಲಿ ಅರ್ಧದಷ್ಟು ಮಂದಿಗೆ ಎದೆ ಸ್ವಲ್ಪ ಊದಿಕೊಳ್ಳುತ್ತದೆ. ಹಾರ್ಮೋನುಗಳ ತಾತ್ಕಾಲಿಕ ಏರುಪೇರು. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಇದನ್ನು ಯಾರೂ ಹೇಳದ ಕಾರಣ ಅಂಥ ಹುಡುಗ ಈಜಲು ಹೋಗುವುದನ್ನು ಬಿಡುತ್ತಾನೆ, ಸೆಕೆಯಲ್ಲೂ ಜರ್ಕಿನ್ ಬಿಚ್ಚುವುದಿಲ್ಲ. ಮನೆಯವರು ಸೋಮಾರಿ ಎನ್ನುತ್ತಾರೆ.

ನಿದ್ದೆಯಲ್ಲಿ ಆಗುವ ಸ್ಖಲನದ್ದೂ ಇದೇ ಕಥೆ. ಅದು ರೋಗವಲ್ಲ, ದೌರ್ಬಲ್ಯವಲ್ಲ, ಹರೆಯದ ಸಹಜ ಕ್ರಿಯೆ. ಆದರೆ ನನ್ನ ತಲೆಮಾರಿನ ಗಂಡುಮಕ್ಕಳಿಗೆ ಈ ವಿಷಯದಲ್ಲಿ ಸಿಕ್ಕ ಒಂದೇ ಪಠ್ಯಪುಸ್ತಕವೆಂದರೆ ರೈಲ್ವೆ ಹಳಿಯ ಪಕ್ಕದ ಗೋಡೆಗಳ ಮೇಲೆ ಸುಣ್ಣದಲ್ಲಿ ಬರೆದ ‘ಗುಪ್ತರೋಗ, ನರದೌರ್ಬಲ್ಯ’ದ ಜಾಹೀರಾತು. ಈ ಹೆದರಿಕೆಯಿಂದಲೇ ಕಾಯಿಲೆ ಬೀಳುವವರು ಎಷ್ಟಿದ್ದರೆಂದರೆ, ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಅದಕ್ಕೆ ‘ಧಾತು ಸಿಂಡ್ರೋಮ್’ ಎಂದು ಹೆಸರನ್ನೇ ಕೊಡಬೇಕಾಯಿತು. ಇಂದಿನ ಹುಡುಗರ ಗೋಡೆ ಅವರ ಕಿಸೆಯಲ್ಲಿದೆ. ಅದರ ಮೇಲೆ ಬರೆಯುವವರು ಸುಣ್ಣದವನಿಗಿಂತ ಚಾಲಾಕಿಗಳು.

ಬ್ಯಾಗಿನಲ್ಲಿ ಸಿಕ್ಕಿದ್ದು

2022ರ ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಖಾಸಗಿ ಶಾಲೆಗಳು ದಿಢೀರನೆ ದೇಶದ ಸುದ್ದಿಯಾದವು. ಮಕ್ಕಳು ತರಗತಿಗೆ ಮೊಬೈಲು ತರುತ್ತಾರೆಂಬ ದೂರು ಹೆಚ್ಚಿದ್ದರಿಂದ ಖಾಸಗಿ ಶಾಲಾ ಆಡಳಿತ ಮಂಡಳಿಗಳ ಸಂಘಟನೆ ‘ಕ್ಯಾಮ್ಸ್’ ಬ್ಯಾಗು ತಪಾಸಣೆ ಮಾಡುವಂತೆ ಶಾಲೆಗಳಿಗೆ ಸೂಚಿಸಿತ್ತು. ಹುಡುಕಿದ್ದು ಮೊಬೈಲು. 8, 9, 10ನೇ ತರಗತಿಯ ಮಕ್ಕಳ ಬ್ಯಾಗುಗಳಲ್ಲಿ ಸಿಕ್ಕಿದ್ದು ಕಾಂಡೋಮ್, ಗರ್ಭನಿರೋಧಕ ಮಾತ್ರೆ, ಸಿಗರೇಟು, ಲೈಟರು, ವೈಟ್ನರ್, ಕಂತೆ ದುಡ್ಡು.

ಪತ್ರಿಕೆಗಳಲ್ಲಿ ಬಂದ ಊರುಗಳ ಹೆಸರು ನಮ್ಮ ಕಡೆಯವೇ. ನಾಗರಬಾವಿಯ ಶಾಲೆಯೊಂದು ಪೋಷಕರಿಗೆ ನೋಟಿಸು ಕಳಿಸಿ, ಮಕ್ಕಳಿಗೆ ಆಪ್ತಸಮಾಲೋಚನೆ ಕೊಡಿಸಿ ಎಂದು ಹೇಳಿ, ಅದಕ್ಕಾಗಿ ಹತ್ತು ದಿನಗಳವರೆಗೂ ರಜೆ ಕೊಡಲು ಮುಂದಾಯಿತು. ರಾಜಾಜಿನಗರದ ಶಾಲೆಯೊಂದರಲ್ಲಿ ಹತ್ತನೇ ತರಗತಿಯ ಹುಡುಗಿಯ ಬ್ಯಾಗಿನಲ್ಲಿ ಕಾಂಡೋಮ್ ಸಿಕ್ಕಿ, ವಿಚಾರಿಸಿದಾಗ ಆಕೆ ಸಹಪಾಠಿಗಳ ಮೇಲೆ, ಟ್ಯೂಷನ್‌ನವರ ಮೇಲೆ ಬೆರಳು ತೋರಿದಳೆಂದು ವರದಿಯಾಯಿತು. ವಾರವಿಡೀ ಟಿವಿಗಳಲ್ಲಿ ‘ಕಾಲ ಕೆಟ್ಟಿತು’ ಎಂಬ ಭಜನೆ ನಡೆಯಿತು.

ನನಗೆ ಅಂದೂ ಅನ್ನಿಸಿದ್ದು, ಇಂದೂ ಅನ್ನಿಸುವುದು ಒಂದೇ. ಆ ವಸ್ತು ಏತಕ್ಕೆ ಎಂದು ಮಕ್ಕಳಿಗೆ ಮೊದಲು ಹೇಳಿದವರು ಯಾರು ಎಂದು ಯಾರೂ ಕೇಳಲಿಲ್ಲ. ಹೇಳಿದ್ದು ಮನೆಯಲ್ಲ, ಶಾಲೆಯಲ್ಲ ಎಂಬುದಂತೂ ಖಂಡಿತ. ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಬಗ್ಗೆ ಒಂದು ಅಧ್ಯಾಯವೇ ಉಂಟು. ಆ ಪುಟ ಬಂದಾಗ “ಇದನ್ನ ಮನೇಲಿ ಓದ್ಕೊಳ್ಳಿ” ಎಂದು ದಾಟಿಸಿದ ಮೇಷ್ಟ್ರು ಎಲ್ಲರ ನೆನಪಿನಲ್ಲೂ ಒಬ್ಬರಾದರೂ ಇದ್ದಾರೆ.

ಅದೇ ನವೆಂಬರಿನಲ್ಲಿ ಇನ್ನೊಂದು ಘಟನೆ ನಡೆಯಿತು, ಟಿವಿಗಳಿಗೆ ಅದು ಬೇಕಾಗಲಿಲ್ಲ. ಪ್ರೀತಿಸಿ ಮನೆಬಿಟ್ಟು ಹೋದ ಹದಿನೇಳರ ಹುಡುಗಿಯ ಪೋಕ್ಸೊ (ಮಕ್ಕಳ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣವೊಂದರ ಮೇಲ್ಮನವಿ ವಿಚಾರಿಸಿದ ಹೈಕೋರ್ಟಿನ ಧಾರವಾಡ ಪೀಠ, ಇಂಥ ಪ್ರಕರಣಗಳು ಹೆಚ್ಚುತ್ತಿರುವುದನ್ನು ನೋಡಿ ಒಪ್ಪಿಗೆಯ ವಯೋಮಿತಿಯ ಬಗ್ಗೆ ಕಾನೂನು ಆಯೋಗ ಮರುಚಿಂತನೆ ಮಾಡಬೇಕೆಂದು ಅಭಿಪ್ರಾಯಪಟ್ಟಿತು. ಜೊತೆಗೆ ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನು ತಿಳಿಸುವ ಪಠ್ಯ ಸಿದ್ಧಪಡಿಸಲು ಶಿಕ್ಷಣ ಇಲಾಖೆಗೆ ನಿರ್ದೇಶನ ಕೊಟ್ಟಿತು. ಆಯೋಗ 2023ರಲ್ಲಿ ಕೊಟ್ಟ ವರದಿಯಲ್ಲಿ ವಯಸ್ಸು 18ರಿಂದ ಇಳಿಸುವುದು ಬೇಡ ಎಂದಿತು. ಹಾಗಾಗಿ ಹದಿನೇಳರ ಹುಡುಗಿ ತಾನೇ ಒಪ್ಪಿದರೂ ಆ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ, ಜೊತೆಗಾರ ಆರೋಪಿ. ಇದು ಗೊತ್ತಿಲ್ಲದೆಯೇ ಎಷ್ಟೋ ಹುಡುಗರು ಜೈಲು ಕಂಡಿದ್ದಾರೆ.

2023ರ ಜನವರಿಯಲ್ಲಿ ಇನ್ನೊಂದು ಗೊಂದಲ. ಹದಿನೆಂಟರೊಳಗಿನವರಿಗೆ ಗರ್ಭನಿರೋಧಕ ಮಾರುವಂತಿಲ್ಲವೆಂದು ಔಷಧ ನಿಯಂತ್ರಣ ಇಲಾಖೆ ಹೇಳಿದೆ ಎಂಬ ಸುದ್ದಿ ಹಬ್ಬಿತು. ನಿಷೇಧಿಸಿಲ್ಲ, ಮಕ್ಕಳು ಬಂದರೆ ತಿಳಿಹೇಳಿ ಎಂದಷ್ಟೇ ಹೇಳಿದ್ದು ಎಂದು ಇಲಾಖೆ ಸ್ಪಷ್ಟನೆ ಕೊಟ್ಟಿತು. ಅಪ್ಪ ಅಮ್ಮ, ಮೇಷ್ಟ್ರು ಎಲ್ಲರೂ ಜಾರಿಸಿಕೊಂಡ ಕೆಲಸ ಕೊನೆಗೆ ಮೆಡಿಕಲ್ ಶಾಪಿನವನ ತಲೆಗೆ ಬಂತು!

ಗೆಳೆಯರು ನೋಡುತ್ತಿದ್ದರೆ

ಮೈಯ ಕೆಲಸ ಹದಿನಾರು ಹದಿನೇಳಕ್ಕೆ ಮುಗಿಯುತ್ತಾ ಬರುತ್ತದೆ. ಮಿದುಳಿನದು ಮುಗಿಯುವುದಿಲ್ಲ. ಅಮೆರಿಕದ ಜೇ ಗೀಡ್ ಮತ್ತು ಸಂಗಡಿಗರು 1990ರ ದಶಕದಿಂದ ಅದೇ ಮಕ್ಕಳ ಮಿದುಳನ್ನು ವರ್ಷಾನುವರ್ಷ ಎಂಆರ್‌ಐ ಮಾಡುತ್ತಾ ಬಂದಾಗ ಕಂಡದ್ದು ಇದು: ಹಣೆಯ ಹಿಂದಿನ ಭಾಗ, ಅಂದರೆ ಮುಂದಾಲೋಚನೆ ಮಾಡುವ, ಆವೇಗ ತಡೆಯುವ ಭಾಗ, ಇಪ್ಪತ್ತು ದಾಟಿದ ಮೇಲೂ ಮಾಗುತ್ತಲೇ ಇರುತ್ತದೆ. ಖುಷಿ, ಮೋಜು, ಮೆಚ್ಚುಗೆಗೆ ಮಿಡಿಯುವ ಭಾಗ ಮಾತ್ರ ಹದಿಮೂರಕ್ಕೇ ಭರ್ಜರಿ ಚುರುಕಾಗಿರುತ್ತದೆ.

ಹಾಗಂತ ಅವರಿಗೆ ಅಪಾಯ ಗೊತ್ತಾಗುವುದಿಲ್ಲ ಎಂದಲ್ಲ. 2005ರಲ್ಲಿ ಗಾರ್ಡನರ್ ಮತ್ತು ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಒಂಟಿಯಾಗಿ ಆಡಿದಾಗ 13–16ರ ಮಕ್ಕಳು ದೊಡ್ಡವರಷ್ಟೇ ಎಚ್ಚರದಿಂದಿದ್ದರು. ಹಿಂದೆ ಗೆಳೆಯರು ನಿಂತು ನೋಡುವಾಗ ಅವರ ದುಸ್ಸಾಹಸ ಎರಡು ಪಟ್ಟಿನಷ್ಟಾಯಿತು. ದೊಡ್ಡವರಲ್ಲಿ ಆ ಬದಲಾವಣೆ ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ಹೊರವರ್ತುಲ ರಸ್ತೆಯಲ್ಲಿ ವೀಲಿ ಮಾಡುವ ಹುಡುಗರನ್ನು ನೋಡಿ. ಒಬ್ಬನೇ ಮಾಡುವವನು ಸಿಗುವುದು ಅಪರೂಪ. ಹಿಂದೆ ಒಬ್ಬ, ಪಕ್ಕದ ಗಾಡಿಯಲ್ಲಿ ಮೊಬೈಲು ಹಿಡಿದವನೊಬ್ಬ ಇರಲೇಬೇಕು. ಗಾಡಿ ಕೊಟ್ಟ ಅಪ್ಪಂದಿರಿಗೆ ಒಂದು ಮಾತು: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಅಪ್ರಾಪ್ತ ಮಗ ತಪ್ಪು ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ.

ಯಾರೋ ತನ್ನನ್ನೇ ನೋಡುತ್ತಿದ್ದಾರೆ ಎಂಬ ಭಾವನೆಗೆ ಡೇವಿಡ್ ಎಲ್ಕಿಂಡ್ ಎಂಬ ಮನೋವಿಜ್ಞಾನಿ 1967ರಲ್ಲಿ ‘ಕಲ್ಪಿತ ಪ್ರೇಕ್ಷಕರು’ ಎಂದು ಹೆಸರಿಟ್ಟ. ಯೂನಿಫಾರ್ಮ್ ಅಂಗಡಿಯ ಹುಡುಗ ಕೂದಲು ಎಳೆದುಕೊಂಡದ್ದು ಅವರಿಗಾಗಿ. ಎಲ್ಕಿಂಡ್‌ನ ಕಾಲದಲ್ಲಿ ಆ ಪ್ರೇಕ್ಷಕರು ನಿಜಕ್ಕೂ ಕಲ್ಪಿತರಾಗಿದ್ದರು. ಈಗ ಅವರಿಗೆ ಸಂಖ್ಯೆಯಿದೆ, ಲೈಕು ಕಾಮೆಂಟಿದೆ. ಮೊಬೈಲಿನ ಮೇಲೆ ಹಿಡಿತ ತಪ್ಪಿದವರಿಗಾಗಿಯೇ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಕ್ಲಿನಿಕ್ ತೆರೆಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು.

ಹನ್ನೊಂದಾದರೂ ಮಲಗದವರು

ಮನೆಮನೆಯ ಜಗಳ ಇದು. ರಾತ್ರಿ ಮಲಗು ಎಂದರೆ ಮಲಗುವುದಿಲ್ಲ, ಬೆಳಿಗ್ಗೆ ಏಳು ಎಂದರೆ ಏಳುವುದಿಲ್ಲ. ಮೊಬೈಲಿನ ಪಾಲು ಇದರಲ್ಲಿ ಇಲ್ಲವೆಂದಲ್ಲ. ಆದರೆ ಮೊಬೈಲು ಹುಟ್ಟುವ ಮೊದಲೇ ಮೇರಿ ಕಾರ್ಸ್ಕಡನ್ ಎಂಬ ವಿಜ್ಞಾನಿ ಹದಿಹರೆಯದವರ ನಿದ್ದೆಯ ಬೆನ್ನು ಹತ್ತಿದ್ದರು. ನಿದ್ದೆಗೆ ಕರೆಯುವ ಮೆಲಟೋನಿನ್ ಈ ವಯಸ್ಸಿನಲ್ಲಿ ತಡವಾಗಿ ಏರುತ್ತದೆ, ತಡವಾಗಿಯೇ ಇಳಿಯುತ್ತದೆ. ಅವರಿಗೆ ಬೇಕಾದ ನಿದ್ದೆ ಎಂಟರಿಂದ ಹತ್ತು ಗಂಟೆ. ಬೆಳಿಗ್ಗೆ ಆರೂವರೆಗೆ ಬಸವೇಶ್ವರನಗರದ ಮೂಲೆಯಲ್ಲಿ ಶಾಲಾ ಬಸ್ಸಿಗೆ ಕಾಯುತ್ತಾ ನಿಂತವರ ಮುಖದಲ್ಲಿ ಬಾಕಿ ಎಷ್ಟೆಂದು ಕಾಣುತ್ತದೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಶಾಲೆ ಎಂಟೂವರೆಗೆ ಮುಂಚೆ ಬೇಡ ಎಂದಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲುಗಳಿಗೆ ಅದೇ ಕಾನೂನು. ನಮ್ಮಲ್ಲಿ 2023ರಲ್ಲಿ ಶಾಲೆಯ ಸಮಯ ಬದಲಿಸುವ ಚರ್ಚೆ ನಡೆದದ್ದು ಟ್ರಾಫಿಕ್ ಕಾರಣಕ್ಕೆ, ಅದೂ ಇನ್ನಷ್ಟು ಬೇಗ ಶುರುಮಾಡೋಣವೇ ಎಂದು! ಪೋಷಕರು, ಶಾಲೆಗಳು ಒಪ್ಪಲಿಲ್ಲ. ಪುಣ್ಯ.

> ಯಾವಾಗ ವೈದ್ಯರನ್ನು ಕಾಣಬೇಕು
>
> ● ಹುಡುಗಿಯರಲ್ಲಿ 8ಕ್ಕೆ ಮೊದಲು, ಹುಡುಗರಲ್ಲಿ 9ಕ್ಕೆ ಮೊದಲು ಹರೆಯದ ಗುರುತು ಕಂಡರೆ.
>
> ● ಹುಡುಗಿಗೆ 13 ತುಂಬಿದರೂ, ಹುಡುಗನಿಗೆ 14 ತುಂಬಿದರೂ ಯಾವ ಗುರುತೂ ಕಾಣದಿದ್ದರೆ. 15 ಆದರೂ ಮುಟ್ಟು ಶುರುವಾಗದಿದ್ದರೆ.
>
> ● ವೈದ್ಯರು ಎಡಗೈ ಮಣಿಕಟ್ಟಿನ ಎಕ್ಸ್‌ರೇ ಕೇಳಿದರೆ ಗಾಬರಿ ಬೇಡ. ಮೂಳೆಯ ವಯಸ್ಸು ತಿಳಿಯುವುದು ಅದರಿಂದಲೇ.
>
> ● ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಹುಡುಗಿಯರಿಗೆ ತೀರಾ ಬೇಗ ಹರೆಯ ಬಂದ ಪ್ರಕರಣಗಳು ಹೆಚ್ಚಿದ್ದನ್ನು ಮೊದಲು ಇಟಲಿಯ, ಬಳಿಕ ಪುಣೆಯ ವೈದ್ಯರೂ ವರದಿ ಮಾಡಿದರು.
>
> ● ಮಗು ವಾರಗಟ್ಟಲೆ ಮಂಕಾಗಿದ್ದರೆ, ಊಟ ನಿದ್ದೆ ಗೆಳೆತನ ಬಿಟ್ಟರೆ, ಸಾಯುವ ಮಾತಾಡಿದರೆ ‘ವಯಸ್ಸಿನ ಹುಚ್ಚು’ ಎಂದು ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ದೌರ್ಜನ್ಯದ ದೂರಿಗೆ ಮಕ್ಕಳ ಸಹಾಯವಾಣಿ 1098.

ಹೇಳಬೇಕಾದವರು

ಸರ್ಕಾರ ಸುಮ್ಮನೆ ಕೂತಿಲ್ಲ, ಆದರೆ ಒಂದು ಹೆಜ್ಜೆ ಮುಂದೆ ಎರಡು ಹಿಂದೆ. ಕೇಂದ್ರದ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ‘ನಮ್ಮ ಸಂಸ್ಕೃತಿಗೆ ಒಗ್ಗದು’ ಎಂದು ತಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಎಂಟನೇ ತರಗತಿಯಲ್ಲಿದ್ದವರು ಇಂದು ಮೂವತ್ತು ದಾಟಿದ್ದಾರೆ. ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. 2013–14ರಲ್ಲಿ ಶುರುವಾದ ‘ಶುಚಿ’ ಯೋಜನೆಯ ಉಚಿತ ಸ್ಯಾನಿಟರಿ ಪ್ಯಾಡು ಕೋವಿಡ್ ಹೊತ್ತಿಗೆ ನಿಂತು, 2024ರಲ್ಲಿ ಮತ್ತೆ ಬಂತು. ಹುಡುಗಿಯರ ಮುಟ್ಟು ಕೋವಿಡ್ಡಿಗಾಗಿ ನಿಂತಿರಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ‘ಸ್ನೇಹ ಕ್ಲಿನಿಕ್’ಗಳಿವೆ. ಹೆಸರು ಚೆನ್ನಾಗಿದೆ. ಆ ಹೆಸರು ಕೇಳಿರುವ ಮಕ್ಕಳು ಮಾತ್ರ ನನಗೆ ಸಿಗುತ್ತಿಲ್ಲ.

2025ರ ಮಾರ್ಚ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ 8ರಿಂದ 12ನೇ ತರಗತಿವರೆಗೆ ಲೈಂಗಿಕ ಶಿಕ್ಷಣ ಕೊಡುವುದಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಶಾಲೆಗೆ ಬಂದು ಪಾಠ ಮಾಡುವುದಾಗಿ ಪ್ರಕಟಿಸಿದರು. ಒಳ್ಳೆಯದೇ. ಆದರೆ ಹತ್ತೂವರೆಗೆ ಮುಟ್ಟಾಗುವ ಹುಡುಗಿ ಆಗ ಐದನೇ ತರಗತಿಯಲ್ಲಿರುತ್ತಾಳೆ. ಎಂಟನೇ ತರಗತಿ ಅವಳಿಗೆ ತಡವಾಯಿತು.

ಹೇಳುವುದು ಕಷ್ಟವೇ, ಒಪ್ಪುತ್ತೇನೆ. ಅಪ್ಪನಾದವನು ಮಗನನ್ನು ಎದುರು ಕೂರಿಸಿಕೊಂಡು ಭಾಷಣ ಮಾಡಿದರೆ ಇಬ್ಬರೂ ಬೆವರುತ್ತಾರೆ. ಸ್ಕೂಟರಿನಲ್ಲಿ ಹೋಗುವಾಗ ಹೇಳಿದರೆ ಮುಖ ನೋಡಬೇಕಿಲ್ಲ. ಒಂದೇ ದಿನ ಎಲ್ಲ ಹೇಳಬೇಕಾಗಿಯೂ ಇಲ್ಲ. “ನಂಗೂ ಹಿಂಗೇ ಆಗಿತ್ತು ಕಣೋ” ಎಂಬ ಒಂದು ಮಾತಿಗೆ ಎಷ್ಟೋ ಹೆದರಿಕೆ ಇಳಿಯುತ್ತದೆ. ಅಕ್ಕನ ಮುಟ್ಟಿನ ವಿಷಯ ತಮ್ಮನಿಗೂ ಗೊತ್ತಿರಲಿ. ಮೆಡಿಕಲ್ ಶಾಪಿನಿಂದ ಪ್ಯಾಡು ತರುವ ಕೆಲಸ ಅವನಿಗೂ ಬರಲಿ, ಕಪ್ಪು ಕವರಿಲ್ಲದೆ.

ಈ ವರ್ಷದ ಪೋಷಕರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕುವ ಮುನ್ನ ಮೇಷ್ಟ್ರನ್ನು ಮೂರು ಪ್ರಶ್ನೆ ಕೇಳಿ. ಹದಿಹರೆಯದ ಆ ಅಧ್ಯಾಯ ಪಾಠ ಮಾಡಿದಿರಾ? ಯಾರು ಮಾಡಿದರು? ಆಗ ಹುಡುಗರನ್ನು ಆಟಕ್ಕೆ ಕಳಿಸಿದ್ದಿರೋ, ತರಗತಿಯಲ್ಲೇ ಕೂರಿಸಿದ್ದಿರೋ?